ಮೊದಲನೇ ಡಬ್ಬಿ ಯಾವ ಕಡೆ

ನನಗೆ ನನ್ನ ಮಾವನನ್ನು ಕಂಡರೆ ಆಗುತ್ತಿರಲಿಲ್ಲ, ಅವರಿಗೆ ನನ್ನನ್ನು ಕಂಡರೆ ಆಗುತ್ತಿರಲಿಲ್ಲ. ಶಹಾಪುರದ ನಮ್ಮ ಮನೆಯಲ್ಲಿ ನಾವಿಬ್ಬರೂ ಒಪ್ಪುತ್ತಿದ್ದ ಸಂಗತಿ ಅದೊಂದೇ. ನನಗೆ ಭೀಮರಾಯನಗುಡಿಯ ನೀರಾವರಿ ಕಚೇರಿಯಲ್ಲಿ ಗುಮಾಸ್ತೆಯ ಕೆಲಸ. ಸೊಸೆಯಾಗಿ ಬಂದು ವರ್ಷಗಳೇ ಕಳೆದರೂ ಮಾವ ನನ್ನ ಹೆಸರು ಹಿಡಿದು ಕರೆದವರಲ್ಲ, ಬಾಯಿತುಂಬ "ಯವ್ವಾ" ಅಂದವರಂತೂ ಅಲ್ಲವೇ ಅಲ್ಲ. ನಾನು ಎದುರಿಗೇ ನಿಂತಿರುವಾಗ ಮಗನ ಕಡೆ ತಿರುಗಿ, "ಆಫೀಸಿನಾಕಿ ಚಾ ಇಟ್ಟಾಳೇನು ಕೇಳು" ಅನ್ನುತ್ತಿದ್ದರು. ನಾನೂ ಗಂಡನಿಗೇ ಹೇಳುತ್ತಿದ್ದೆ: "ಇಟ್ಟಾಳ, ಆರೋದ್ರೊಳಗ ಕುಡೀಬೇಕಂತ ಹೇಳ್ರಿ." ಗಂಡ ಸರ್ಕಾರಿ ಶಾಲೆಯ ಮಾಸ್ತರ. ಗದ್ದಲದ ನಡುವೆ ಕಿವಿ ಮುಚ್ಚಿಕೊಂಡು ಕೂರುವುದನ್ನು ಶಾಲೆಯಲ್ಲಿ ಕಲಿತು ಮನೆಯಲ್ಲಿ ಬಳಸುತ್ತಿದ್ದರು.

ಮಾವ ಸುರಪುರದವರು. ಅವರು ಶಾಲೆಗೆ ಸೇರಿದ್ದು ನಿಜಾಮನ ಆಳ್ವಿಕೆಯ ಕೊನೆಗಾಲದಲ್ಲಿ. ಪಾಟಿಯ ಮೇಲೆ ಮೊದಲು ತಿದ್ದಿದ್ದು ಉರ್ದು ಅಕ್ಷರ, ಬಲಗಡೆಯಿಂದ ಎಡಗಡೆಗೆ. ಕನ್ನಡದ ಓದು ಬಂದದ್ದು ಆಮೇಲೆ, ಅದೂ ಸಂಬಳಕ್ಕೆ ಬೇಕಾದಷ್ಟು. ತಹಶೀಲ ಕಚೇರಿಯ ರೆಕಾರ್ಡ್ ಕೋಣೆಯಲ್ಲಿ ಹಳೆಯ ಉರ್ದು ಕಾಗದಗಳನ್ನು ಓದಿ ಹೇಳುವುದೇ ಅವರ ನೌಕರಿಯಾಗಿತ್ತು. ಹೊಲದ ತಕರಾರು ಹೊತ್ತು ಬಂದವರು ಉಸಿರು ಹಿಡಿದು ಅವರ ಬಾಯಿಯನ್ನೇ ನೋಡುತ್ತ ನಿಲ್ಲುತ್ತಿದ್ದರಂತೆ. ನಿವೃತ್ತಿಯಾದ ಮೇಲೆ ಆ ಗತ್ತು ಇಳಿಸಲು ಅವರಿಗೆ ಬೇರೆ ಜಾಗ ಸಿಗಲಿಲ್ಲ, ನನ್ನ ಅಡುಗೆಮನೆ ಸಿಕ್ಕಿತು.

ಅವರಿಗೊಂದು ಉರ್ದು ಪೇಪರು ಬರುತ್ತಿತ್ತು. ನಮ್ಮ ಪೇಪರಿನಲ್ಲಿ ಕೊನೆಯ ಪುಟ ಇರುವ ಜಾಗದಲ್ಲಿ ಅದರ ಮೊದಲ ಪುಟ. ಕಸ ಹೊಡೆಯುವಾಗ ನಾನು ಅದನ್ನು ನನ್ನ ರೂಢಿಯಂತೆ ಮಡಚಿಟ್ಟರೆ ಅದರ ಮುಖ ಅಡಿಯಾಗುತ್ತಿತ್ತು. "ಆಫೀಸಿನಾಕಿಗಿ ಪೇಪರ್ ಮಡಚಾಕ ಬರಂಗಿಲ್ಲ, ಸರ್ಕಾರ ಯಾಕ ಪಗಾರ ಕೊಡ್ತದೋ" ಎಂದು ಓಣಿಗೆಲ್ಲ ಕೇಳುವಂತೆ ಅನ್ನುತ್ತಿದ್ದರು. ಮರುದಿನ ನಾನು ಬೇಕೆಂದೇ ಹಾಗೇ ಮಡಚುತ್ತಿದ್ದೆ.

ಗೊಬ್ಬರದ ಅಂಗಡಿಯವರು ಕೊಟ್ಟ ಕ್ಯಾಲೆಂಡರಿಗೂ ಜಗಳವಾಯಿತು. ಅದರಲ್ಲಿ ಎಡಕ್ಕೆ ಮುಖ ಮಾಡಿದ ಎತ್ತಿನ ಗಾಡಿ, ಹಿಂದೆ ಕೆಂಪು ಸೂರ್ಯ. ಸಂಜೆಯಾಗಿದೆ, ಗಾಡಿ ಮನೆಗೆ ತಿರುಗಿದೆ ಎಂದು ನಾನು ಸಹಜವಾಗಿ ಅಂದೆ. "ಕಣ್ಣು ಎಲ್ಲಿ ಇಟ್ಟಾಳ? ಮುಂಜಾನಿ ಹೊತ್ತು ಹೊಲಕ್ಕ ಹೊಂಟದ ಗಾಡಿ" ಎಂದರು. ಚಿತ್ರದಲ್ಲಿ ಮನೆಯೂ ಇರಲಿಲ್ಲ, ಹೊಲವೂ ಇರಲಿಲ್ಲ. ಆದರೂ ಇಬ್ಬರಿಗೂ ಅನುಮಾನವೇ ಇರಲಿಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುತ್ತಾರಲ್ಲ, ಹಾಗಾಯಿತು. ಆ ಒಂದು ಚಿತ್ರದ ಮೇಲೆ ನಾವು ಮಾತು ಬಿಟ್ಟೆವು.

ಇನ್ನೊಮ್ಮೆ ನನ್ನ ಗಂಡನಿಗೆ ಯಾವುದೋ ಹಳೆಯ ದಾರಿ ತಿಳಿಸುತ್ತ ಹೊರಸಿನ ಮೇಲಿನ ಚಾದರದಲ್ಲಿ ಬೆರಳಿನಿಂದ ಗೆರೆ ಎಳೆದರು. ಬಲತುದಿಗೆ ಸುರಪುರ, ನಡುವೆ ಶಹಾಪುರ, ಎಡತುದಿಗೆ ಯಾದಗಿರಿ. ನನಗೆ ನಗು ತಡೆಯಲಾಗಲಿಲ್ಲ. ಕಚೇರಿಯಲ್ಲಿ ದಿನವೂ ಕಾಲುವೆಯ ನಕಾಶೆ ನೋಡುವವಳು ನಾನು, ಯಾದಗಿರಿ ಬಲಕ್ಕೆ ಬರುತ್ತದೆ. "ಉಲ್ಟಾ ಆತಲ್ರಿ ಮಾವಾರ" ಎಂದೆ. "ನಾ ಸುರಪುರದಾಗ ಹುಟ್ಟೀನಿ. ದಾರಿ ಅಲ್ಲಿಂದ ಶುರು ಆಗ್ತದ" ಎಂದು ಚಾದರ ಝಾಡಿಸಿಬಿಟ್ಟರು. ಮೊಂಡತನ ಅಂದುಕೊಂಡೆ. ಮೊಂಡತನ ಅಂದುಕೊಳ್ಳುವುದು ನನಗೆ ಸುಲಭವಾಗಿತ್ತು.

ಎರಡು ವರ್ಷದ ಕೆಳಗೆ ಅವರಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು. ಶಹಾಪುರದ ಡಾಕ್ಟರು ಮೂರು ಗುಳಿಗೆ ಬರೆದರು. ಮುಂಜಾನೆ ನಾಷ್ಟಕ್ಕೆ ಮೊದಲು ಸಕ್ಕರೆಯದು, ಮಧ್ಯಾಹ್ನ ಬಿ.ಪಿ.ಯದು, ರಾತ್ರಿ ಮಲಗುವಾಗ ನಿದ್ದೆಯದು. ಮೂರೂ ಬಿಳಿ, ಮೂರೂ ಗುಂಡಗೆ. ಹಾಳೆಯ ಮೇಲಿನ ಇಂಗ್ಲಿಷ್ ಮಾವನಿಗೆ ಬಾರದು, ನನಗೆ ಬೆಳಿಗ್ಗೆ ಬಸ್ಸು ಕಾಯುವುದಿಲ್ಲ. ಅದಕ್ಕೆ ಇರುವೆ ಹತ್ತದಂತೆ ಮುಚ್ಚಳವಿರುವ ಮೂರು ಸಣ್ಣ ಸ್ಟೀಲ್ ಡಬ್ಬಿ ತಂದು ಅವರ ಕೋಣೆಯ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟೆ. "ಮುಂಜಾನಿದು, ಮಧ್ಯಾಹ್ನದ್ದು, ರಾತ್ರಿದು. ಸಾಲಿನ ಪ್ರಕಾರ ತಗೋರಿ" ಎಂದೆ. "ನಾ ಏನ್ ಕೂಸಲ್ಲ" ಎಂದರು. ಮಾತು ಅಷ್ಟಕ್ಕೇ ಮುಗಿಯಿತು. ಯಾವ ಕಡೆಯಿಂದ ಎಂದು ನಾನು ಹೇಳಲಿಲ್ಲ, ಅವರು ಕೇಳಲಿಲ್ಲ. ಸಾಲು ಎಲ್ಲಿಂದ ಶುರುವಾಗುತ್ತದೆ ಎಂದು ಯಾರಾದರೂ ಯಾರನ್ನಾದರೂ ಕೇಳುತ್ತಾರೆಯೇ?

ಅವರ ಕೋಣೆಗೆ ನಾನು ಕಾಲಿಡುತ್ತಿದ್ದುದು ಬೆಳಿಗ್ಗೆ ಮಾತ್ರ. ನಿನ್ನೆಯ ಡಬ್ಬಿಗಳು ಮೂರೂ ಖಾಲಿ ಇರುತ್ತಿದ್ದವು, ಮತ್ತೆ ತುಂಬಿಡುತ್ತಿದ್ದೆ, ಹೊರಡುತ್ತಿದ್ದೆ. ಮಧ್ಯಾಹ್ನ ಊಟಕ್ಕೆ ಬರುವ ಗಂಡ, ತಮ್ಮ ಅಪ್ಪ ಗುಳಿಗೆ ತಗೊಳ್ಳುವುದನ್ನು ಕಣ್ಣಾರೆ ಕಂಡು, "ನಡಬರಕಿನ ಡಬ್ಬಿ ತೆಗದು ಬರೋಬರಿ ನುಂಗ್ಯಾರ" ಎಂದು ನನಗೆ ವರದಿ ಒಪ್ಪಿಸುತ್ತಿದ್ದರು. ನಡುವಿನದು ಯಾವ ಕಡೆಯಿಂದ ಎಣಿಸಿದರೂ ನಡುವಿನದೇ ಎಂಬುದು ಗಣಿತ ಕಲಿಸುವ ಮಾಸ್ತರಿಗೂ ಹೊಳೆಯಲಿಲ್ಲ.

ಮಾವನ ಆರೋಗ್ಯ ಕೆಡತೊಡಗಿತು. ಹಗಲೆಲ್ಲ ತೂಕಡಿಕೆ. ಪೇಪರು ಎದೆಯ ಮೇಲೆ ಬಿದ್ದಿರುತ್ತಿತ್ತು, ಚಹಾ ಆರಿ ಕೆನೆಗಟ್ಟುತ್ತಿತ್ತು. ಶುಕ್ರವಾರಕ್ಕೊಮ್ಮೆ ಒಬ್ಬರೇ ಬಸ್ಸು ಹತ್ತಿ ಸುರಪುರಕ್ಕೆ ಹೋಗಿ ಹಳೆಯ ಗೆಳೆಯರ ಜೊತೆ ಹೋಟೆಲ್ಲಿನಲ್ಲಿ ಕೂತು ಬರುವುದು ಅವರಿಗೆ ಜೀವ. ಅದೂ ನಿಂತಿತು. ನಸುಕಿನಲ್ಲಿ ಎದ್ದರೆ ಮೈಯೆಲ್ಲ ಬೆವರು, ಕೈ ನಡುಕ, ಬಾಯಿಗೆ ಬಂದ ಮಾತು. ಒಂದು ದಿನ ಅಂಗಳದಲ್ಲಿ ನಿಂತು ರೆಕಾರ್ಡ್ ಕೋಣೆಯ ಬೀಗದ ಕೈ ಕೊಡು ಎಂದು ನನ್ನನ್ನು ಬೈದರು. ನಾನು ಗಾಬರಿಯಲ್ಲಿ ಸಕ್ಕರೆ ಕಾಯಿಲೆ ಮರೆತು ಕೊಟ್ಟ ಬೆಲ್ಲದ ಚಹಾ ಕುಡಿದ ಮೇಲೆ ತಿಳಿವು ಬಂದಂತಾಗಿ ಸುಮ್ಮನೆ ಕೂತರು. ಅರವತ್ತಕ್ಕೆ ಅರಳುಮರಳು, ಇವರಿಗೆ ಎಂಬತ್ತು ದಾಟಿದೆ, ಇನ್ನೇನು ಎಂದು ಓಣಿಯವರು ತೀರ್ಪು ಕೊಟ್ಟರು.

ಯಾದಗಿರಿಯಲ್ಲಿರುವ ನನ್ನ ನಾದಿನಿಗೆ ಈ ತೀರ್ಪು ಸಾಲಲಿಲ್ಲ. ಒಂದು ಭಾನುವಾರ ಬಂದವಳು ಅಪ್ಪನ ಕಣ್ಣಿನ ರೆಪ್ಪೆ ಎತ್ತಿ ನೋಡಿದಳು. ಆಮೇಲೆ ಅಣ್ಣನೆದುರು ನಿಂತು, "ಅಪ್ಪ ಹಗಲೊತ್ತು ಹಿಂಗ ಮಲಗಾವ ಅಲ್ಲ. ವೈನಿ ನಿದ್ದಿ ಗುಳಗಿ ಹಾಕಿ ಮಲಗಿಸಿ ಆಫೀಸಿಗಿ ಹೋಗ್ತಾಳ" ಎಂದಳು.

ನಾನು ರೊಟ್ಟಿ ಬಡಿಯುತ್ತಿದ್ದೆ. ಹಿಟ್ಟಿನ ಕೈಯಲ್ಲೇ ಹೊರಗೆ ಬಂದೆ. "ಕರಕೊಂಡ ಹೋಗು. ನಿನ್ನ ಮನ್ಯಾಗ ಎಚ್ಚರ ಇಟ್ಟು ನೋಡು" ಎಂದೆ. ಅವಳು ಕರೆದೊಯ್ಯಲಿಲ್ಲ. ಅವಳ ಮನೆ ಸಣ್ಣದಂತೆ. ನಾಲಿಗೆ ಮಾತ್ರ ದೊಡ್ಡದು.

ಆದರೆ ಅಣ್ಣತಂಗಿ ಕೂಡಿ ಒಂದು ನಿರ್ಧಾರ ಮಾಡಿದರು. ನಾವಿಬ್ಬರೂ ಕೆಲಸಕ್ಕೆ ಹೋದಾಗ ಮಾವ ಎದ್ದು ಎಲ್ಲಿಗಾದರೂ ಹೋದರೆ ಹೇಗೆ ಎಂದು ಗಂಡ ಬಡಿಗನನ್ನು ಕರೆಸಿ ಅವರ ಕೋಣೆಯ ಬಾಗಿಲಿಗೆ ಹೊರಗಡೆಯಿಂದ ಚಿಲಕ ಹಾಕಿಸಿದರು. ಯಾದಗಿರಿಯ ಡಾಕ್ಟರಿಗೆ ತೋರಿಸುವುದು, ಅವರು ಅರಳುಮರಳು ಎಂದರೆ ಮರುದಿನದಿಂದ ಆ ಚಿಲಕ ಹಾಕಿಯೇ ಹೊರಡುವುದು. ಬಡಿಗ ಸ್ಕ್ರೂ ಬಿಗಿಯುವಾಗ ಮಾವ ಒಳಗೆ ಹೊರಸಿನ ಮೇಲೆ ಕೂತೇ ಇದ್ದರು. ಯಾಕೆ ಎಂದು ಕೇಳಲಿಲ್ಲ. ನನ್ನ ಮೇಲೆ ಹರಿಹಾಯಲೂ ಇಲ್ಲ. ಅವರು ಬೈಯದೇ ಇದ್ದದ್ದು ನನಗೆ ಹಿಡಿಸಲಿಲ್ಲ. ಜಗಳವಾಡಲು ಎದುರಿಗೆ ಒಬ್ಬ ಮನುಷ್ಯನಾದರೂ ಇರಬೇಕಲ್ಲ.

ಯಾದಗಿರಿಗೆ ನಾನು, ಮಾವ, ನಾದಿನಿ ಹೋದೆವು. ಗಂಡನಿಗೆ ಪರೀಕ್ಷೆಯ ಕೆಲಸವಿತ್ತು. ಡಾಕ್ಟರ ದಕ್ಷಿಣದ ಕಡೆಯ ಹುಡುಗ, ಮಾತು ಮೆತ್ತಗೆ. ಮಾವನನ್ನು ಮೇಜಿನ ಮುಂದೆ ಕೂರಿಸಿ, ತಾನು ಅವರ ಭುಜದ ಪಕ್ಕ ನಿಂತ. ನಾದಿನಿ ಅಪ್ಪನ ಹಿಂದೆ ಕುರ್ಚಿ ಎಳೆದುಕೊಂಡಳು. ಅವರಿಬ್ಬರ ಪಕ್ಕ ಕೂರುವ ಮನಸ್ಸಿಲ್ಲದೆ ನಾನು ಮೇಜಿನ ಆಚೆ ಬದಿಗೆ, ಮಾವನಿಗೆ ಎದುರಾಗಿ ಕೂತೆ.

ಡಾಕ್ಟರ ಇವತ್ತು ಯಾವ ವಾರ, ನೀವು ಎಲ್ಲಿದ್ದೀರಿ ಎಂದೆಲ್ಲ ಕೇಳಿದ. ಮಾವ ತೂಕಡಿಸುತ್ತಲೇ ಕೆಲವು ಹೇಳಿದರು, ಕೆಲವು ಬಿಟ್ಟರು. ಆಮೇಲೆ ನಾಲ್ಕು ಚಿತ್ರದ ಚೀಟಿಗಳನ್ನು ಕಲಸಿ ಮುಂದಿಟ್ಟ. ಮಾವಿನ ಓಟೆ, ಮೊಳಕೆ, ಗಿಡ, ಹಣ್ಣು ಬಿಟ್ಟ ಮರ. "ಯಾವುದು ಮೊದಲು, ಯಾವುದು ಆಮೇಲೆ, ಸಾಲಾಗಿ ಜೋಡಿಸಿ ತಾತ."

ಮಾವ ಒಂದೊಂದೇ ಚೀಟಿ ಎತ್ತಿ, ಕಣ್ಣಿನ ಹತ್ತಿರ ತಂದು, ಇಟ್ಟರು. ಡಾಕ್ಟರ ನೋಡಿ ನಿಟ್ಟುಸಿರು ಬಿಟ್ಟ. "ನೋಡಿ ಮೇಡಂ, ಪೂರ್ತಿ ಹಿಂದುಮುಂದು. ಮರದಿಂದ ಶುರು ಮಾಡಿ ಬೀಜಕ್ಕೆ ಬಂದಿದ್ದಾರೆ. ಅನುಕ್ರಮದ ಅರಿವು ಹೋಗಿದೆ." ನಾದಿನಿ ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು.

ನನಗೆ ಅರ್ಥವಾಗಲಿಲ್ಲ. ನಾನು ಕೂತಲ್ಲಿಂದ ಸಾಲು ಸರಿಯಾಗಿತ್ತು. ಚಿತ್ರಗಳು ತಲೆಕೆಳಗಾಗಿ ಕಂಡರೂ ನನ್ನ ಎಡಕ್ಕೆ ಓಟೆ, ಅದರ ಪಕ್ಕ ಮೊಳಕೆ, ಅದರ ಪಕ್ಕ ಗಿಡ, ನನ್ನ ಬಲತುದಿಗೆ ಹಣ್ಣು ಬಿಟ್ಟ ಮರ.

"ಬರೋಬರಿ ಅದ ಅಲ್ರಿ" ಎಂದೆ.

"ನೀವು ಆ ಕಡೆ ಕೂತಿದ್ದೀರಿ, ಅದಕ್ಕೆ ಹಾಗೆ ಕಾಣುತ್ತೆ" ಎಂದು ಡಾಕ್ಟರ ನಕ್ಕ. ದಡ್ಡರಿಗೆ ತಿಳಿಹೇಳುವ ನಗು. ಅದನ್ನು ಕಂಡರೆ ನನಗೆ ಮೈಯುರಿಯುತ್ತದೆ.

ನಾನು ನಗಲಿಲ್ಲ. ನನ್ನ ಎಡ ಎಂದರೆ ಮಾವನ ಬಲ. ಅವರು ಬಲಗಡೆಯಿಂದ ಜೋಡಿಸಿದ್ದಾರೆ. ಅಡಿಮೇಲಾಗಿ ಮಡಚಿದ ಪೇಪರು ಕಣ್ಣ ಮುಂದೆ ಬಂತು, ಚಾದರದ ಮೇಲಿನ ಬೆರಳೂ ಬಂತು. ಎದ್ದು ಮೇಜಿನ ಮೇಲೆ ಬಾಗಿ ಕೇಳಿದೆ:

"ಮಾವಾರ, ಇದ್ರಾಗ ಮೊದಲ ಯಾವುದು?"

ಅವರು ಬಲಗೈ ಬೆರಳನ್ನು ಬಲತುದಿಯ ಓಟೆಯ ಮೇಲೆ ಇಟ್ಟರು.

"ಆಮ್ಯಾಲ?"

ಬೆರಳು ಎಡಕ್ಕೆ ಸರಿಯಿತು. ಮೊಳಕೆ. ಗಿಡ. ಮರ. ಎಲ್ಲೂ ತಡವರಿಸಲಿಲ್ಲ.

"ಇವರಿಗೆ ಮೊದಲು ಬಂದ ಅಕ್ಷರ ಉರ್ದು ರೀ" ಎಂದು ಡಾಕ್ಟರಿಗೆ ಹೇಳಿದೆ. "ಜೀವಮಾನ ಎಲ್ಲ ಅದನ್ನೇ ಓದ್ಯಾರ. ನೀವು ಎಲ್ಲಿಂದ ಶುರು ಮಾಡಬೇಕಂತ ಹೇಳಿಲ್ಲ. ಅವರು ತಮಗ ಗೊತ್ತಿದ್ದಲ್ಲಿಂದ ಶುರು ಮಾಡ್ಯಾರ." ಡಾಕ್ಟರ ಚೀಟಿಗಳನ್ನೇ ನೋಡುತ್ತ ನಿಂತ. ಅವನನ್ನು ಹೀಗೆ ಸುಮ್ಮನಾಗಿಸಿದೆನಲ್ಲ ಎಂದು ಹಿಗ್ಗುವುದರೊಳಗೆ ನನಗೆ ಕಿಟಕಿಯ ಕಟ್ಟೆ ನೆನಪಾಯಿತು.

"ಮಾವಾರ, ಮನ್ಯಾಗ ಮೂರು ಡಬ್ಬಿ ಇಡ್ತೀನಲ್ಲ. ಮುಂಜಾನಿ ಯಾವ ಡಬ್ಬಿ ತಗೀತೀರಿ?"

"ಮೊದಲನೇದು."

"ಮೊದಲನೇದು ಯಾವ ಕಡೀದು?"

ಇದೆಂಥ ಪ್ರಶ್ನೆ ಎಂಬಂತೆ ನೋಡಿ, ಮೇಜಿನ ಬಲತುದಿಯನ್ನು ತಟ್ಟಿದರು.

ನಿದ್ದೆಯ ಗುಳಿಗೆ ಮುಂಜಾನೆ. ಸಕ್ಕರೆಯದು ರಾತ್ರಿ, ಅರ್ಧ ರೊಟ್ಟಿ ತಿಂದು ಮಲಗುವ ಹೊಟ್ಟೆಗೆ. ಡಾಕ್ಟರಿಗೆ ನಾನು ಇದನ್ನು ಹೇಳಿದಾಗ ಅವನ ಮುಖದ ಬಣ್ಣ ಇಳಿಯಿತು. ನಸುಕಿನ ಬೆವರು, ನಡುಕ, ಬಡಬಡಿಕೆ ಎಲ್ಲ ಅದರಿಂದಲೇ ಇರಬೇಕು, ಒಂದು ದಿನ ಮಲಗಿದವರು ಮಲಗಿದಂತೆಯೇ ಹೋಗಿಬಿಡಬಹುದಿತ್ತು ಎಂದ. ಗುಳಿಗೆ ಸರಿಮಾಡಿ ಕೆಲ ವಾರ ನೋಡೋಣ, ಅಲ್ಲಿಯತನಕ ಯಾವ ಕಾಯಿಲೆಯ ಹೆಸರನ್ನೂ ಬರೆಯುವುದಿಲ್ಲ ಎಂದ.

ನಾದಿನಿ ಕಣ್ಣೊರೆಸಿಕೊಂಡಳು. "ಅಂದ್ರ ಅಪ್ಪಗ ತಪ್ಪು ಗುಳಗಿ ಕೊಟ್ಟಾಕಿ ನೀವ ಆದ್ರಿ ವೈನಿ."

"ನಾ ಇಟ್ಟಿದ್ದು ಬರೋಬರಿ" ಎಂದೆ. "ನಿಮ್ಮಪ್ಪ ತಗೊಂಡಿದ್ದೂ ಬರೋಬರಿ. ನಿನಗ ತಪ್ಪು ಬೇಕಿದ್ರ ನಿನ್ನ ಮನ್ಯಾಗ ಹುಡುಕ." ಇವತ್ತಿಗೂ ನನ್ನ ಮಾತು ಅದೇ. ತಪ್ಪೊಪ್ಪಿಕೊಳ್ಳಲಿ ಎಂದು ಕಾದವರು ಕಾಯಲಿ.

ಮರಳುವಾಗ ಬಸ್ಸಿನ ಕಿಟಕಿಯಿಂದ ಅಂಗಡಿಯ ಫಲಕಗಳನ್ನು ನೋಡುತ್ತ ಬಂದೆ. ಕೆಲವುಗಳಲ್ಲಿ ಮೇಲೆ ಕನ್ನಡ, ಕೆಳಗೆ ಉರ್ದು. ಒಂದೇ ಅಂಗಡಿಯ ಹೆಸರು, ಒಂದು ಈ ತುದಿಯಿಂದ ಶುರು, ಇನ್ನೊಂದು ಆ ತುದಿಯಿಂದ. ಹುಟ್ಟಿದಾಗಿನಿಂದ ನೋಡಿದ್ದೆ, ಹಾಗೆ ಓದಿದವರ ತಲೆಯೊಳಗೆ ಗಾಡಿಯೂ ಆ ಕಡೆಗೇ ನಡೆಯುತ್ತದೆ ಎಂದು ಎಂದೂ ಯೋಚಿಸಿರಲಿಲ್ಲ. ನನಗೆ ನಿನ್ನೆ ಎಂದರೆ ಎಡಗೈ ಕಡೆ ಎಲ್ಲೋ ಇರುವಂಥದ್ದು, ನಾಳೆ ಬಲಗೈ ಕಡೆಯದು. ಅದು ಲೋಕದ ನಿಯಮ ಎಂದುಕೊಂಡಿದ್ದೆ. ಪಕ್ಕದ ಸೀಟಿನಲ್ಲಿದ್ದ ಮಾವನನ್ನು ಕೇಳಿಯೂ ಬಿಟ್ಟೆ: "ನಿನ್ನಿ ಅನ್ನೋದು ಯಾವ ಕಡಿ ಬರ್ತದ್ರಿ?" ಅವರು ಯೋಚಿಸದೇ ಬಲಗಡೆಯ ಕಿಟಕಿಗೆ ಕೈ ತೋರಿಸಿ, "ಆಫೀಸಿನ್ಯಾಗ ಇದನ್ನೂ ಕಲಿಸಿಲ್ಲೇನು?" ಎಂದರು. ನಮ್ಮ ಜಗಳದಲ್ಲಿ ಅರ್ಧ ಇದೇ ಇತ್ತು. ಉಳಿದರ್ಧ ನಿಜವಾದ ಜಗಳ, ಅದಕ್ಕೆ ಉರ್ದುವನ್ನು ದೂರುವಂತಿಲ್ಲ.

ಮನೆ ಸೇರಿದವಳೇ ಗಂಡನ ಕೈಗೆ ಸ್ಕ್ರೂಡ್ರೈವರ್ ಕೊಟ್ಟೆ. "ಚಿಲಕ ತಗೀರಿ." "ಇರಲಿ ಬಿಡು, ಮುಂದ ಬೇಕಾಗಬಹುದು" ಎಂದರು. "ಹಂಗಾದ್ರ ನನ್ನ ಬಾಗಿಲಿಗೂ ಒಂದು ಹಾಕಸ್ರಿ, ನನಗೂ ವಯಸ್ಸಾಗ್ತದ" ಎಂದೆ. ಗೊಣಗುತ್ತ ತೆಗೆದರು.

ಡಬ್ಬಿಗಳನ್ನು ಬಲಗಡೆಯಿಂದ ಇಡತೊಡಗಿದೆ. ನನ್ನ ಕೈ ಮೊದಮೊದಲು ಒಪ್ಪುತ್ತಿರಲಿಲ್ಲ, ಎಡತುದಿಗೇ ಓಡುತ್ತಿತ್ತು. ಕೆಲವೇ ದಿನಗಳಲ್ಲಿ ಮಾವ ಮೊದಲಿನಂತಾದರು. ಮೊದಲಿನಂತೆ ಎಂದರೆ ಪೂರ್ತಿ ಮೊದಲಿನಂತೆ: ಸಾರಿಗೆ ಉಪ್ಪು ಹೆಚ್ಚಾಯಿತು, ಆಫೀಸಿನಾಕಿ ತಡವಾಗಿ ಬಂದಳು, ಪೇಪರು ಎಲ್ಲಿ. ಶುಕ್ರವಾರ ಸುರಪುರದ ಬಸ್ಸು ಹತ್ತಿದರು. ಯಾದಗಿರಿಯ ಡಾಕ್ಟರ ಕೈಗುಣ ಎಂದು ನಾದಿನಿ ಬಂಧುಬಳಗಕ್ಕೆಲ್ಲ ಫೋನು ಮಾಡಿ ಹೇಳಿದಳು.

ಒಂದು ಬೆಳಿಗ್ಗೆ ಡಬ್ಬಿ ತುಂಬುತ್ತ ನನಗೆ ಕೇಳದೇ ಇರಲಾಗಲಿಲ್ಲ. ಹಳೆಯ ಕಾಗದದ ಒಂದು ಗೆರೆ ಅಳಿಸಿದ್ದರೂ ಹಿಡಿಯುತ್ತಿದ್ದ ಮನುಷ್ಯ. ಮುಂಜಾನೆ ಗುಳಿಗೆ ನುಂಗಿದ ಕೂಡಲೇ ಕಣ್ಣು ಎಳೆಯುತ್ತದೆ ಎಂದು ಇವರಿಗೆ ತಿಳಿಯಲಿಲ್ಲವೇ?

"ತಿಳೀತಿತ್ತು" ಎಂದರು, ಪೇಪರಿನಿಂದ ಕಣ್ಣೆತ್ತದೆ.

"ಮತ್ತ ಯಾಕ ಹೇಳಲಿಲ್ಲ?"

"ನೀ ಏನರ ಹಾಕಾಕತ್ತೀ ಅಂತ ತಿಳಕೊಂಡಿದ್ದಿನಿ."

"ಏನ್ ಹಾಕಾಕತ್ತೀನಿ?"

"ಏನರ. ನಾ ಸಾಯೋ ಹಂಗ."

ಕೈಯಲ್ಲಿದ್ದ ಮುಚ್ಚಳ ಕೆಳಗೆ ಬಿತ್ತು. ನನಗೆ ಬಂದ ಸಿಟ್ಟು ಹಿಂದೆಂದೂ ಬಂದಿರಲಿಲ್ಲ. ಈ ಮನೆಯಲ್ಲಿ ನಾನು ಜಗಳಗಂಟಿ, ಒಪ್ಪುತ್ತೇನೆ. ವಿಷ ಹಾಕುವವಳು ಎಂದು ನಂಬಿಕೊಂಡು ಈ ಮುದುಕ ತಿಂಗಳುಗಟ್ಟಲೆ ನನ್ನ ಕೈಯ ರೊಟ್ಟಿ ತಿಂದಿದ್ದಾರೆ. "ಹಂಗ ಅನಿಸಿದ್ರ ನುಂಗಿದ್ದ್ಯಾಕ?" ಎಂದು ಕೂಗಿದೆ. "ಕಿಟಕ್ಯಾಗಿಂದ ಒಗೀಬೇಕಿತ್ತು! ನಿಮ್ಮ ಮಗನಿಗಿ ಹೇಳಬೇಕಿತ್ತು! ಪೊಲೀಸರನ್ನ ಕರೀಬೇಕಿತ್ತು!"

ಮಾವ ಪೇಪರು ಮಡಚಿ ಪಕ್ಕಕ್ಕಿಟ್ಟರು.

"ಮಗನಿಗಿ ಹೇಳಿದ್ರ ನಿನ್ನ ಬಿಡ್ತಿದ್ದ. ಮಗಳಿಗಿ ಹೇಳಿದ್ರ ನಿನ್ನ ಜೇಲಿಗಿ ಹಾಕಸ್ತಿದ್ದಳು. ನನಗ ಎಂಬತ್ತು ದಾಟ್ಯಾವ. ನನ್ನ ಸಲುವಾಗಿ ಮನಿ ಯಾಕ ಒಡೀಬೇಕು? ನುಂಗಿನಿ."

ಕೊಲೆಗಾರ್ತಿ ಎಂದುಕೊಂಡದ್ದನ್ನಾದರೂ ತಡೆದುಕೊಳ್ಳಬಹುದಿತ್ತು. ಹಾಗೆ ಅಂದುಕೊಂಡೂ ನನ್ನ ಸಂಸಾರ ಉಳಿಯಲಿ ಎಂದು ಬಾಯಿಮುಚ್ಚಿ ನುಂಗಿದರಲ್ಲ, ಅದನ್ನು ನಾನು ಎಲ್ಲಿಡಲಿ? ನನ್ನನ್ನು ಒಂದು ಮಾತು ಕೇಳಬಾರದಿತ್ತೇ? ಆ ಉಪಕಾರವನ್ನು ಯಾರು ಬೇಡಿದ್ದರು?

ಅವರು ಬಲತುದಿಯ ಡಬ್ಬಿ ತೆಗೆದು, ಗುಳಿಗೆಯನ್ನು ಅಂಗೈಗೆ ಹಾಕಿಕೊಂಡು, ಒಮ್ಮೆ ನನ್ನ ಮುಖ ನೋಡಿ ಬಾಯಿಗೆ ಒಗೆದುಕೊಂಡರು. ನೀರು ಕುಡಿದರು. "ಹೋಗು, ಬಸ್ ತಪ್ಪತದ" ಎಂದರು. ಈಗ ನನ್ನನ್ನು ನಂಬಿ ನುಂಗಿದರೋ, ಆಗ ನುಂಗಿದ ಹಾಗೆಯೇ ನುಂಗಿದರೋ ಮುಖ ನೋಡಿ ಹೇಳಲು ನನ್ನಿಂದಾಗಲಿಲ್ಲ. ಕೇಳಲು ಧೈರ್ಯ ಬರಲಿಲ್ಲ, ಇವತ್ತಿಗೂ ಕೇಳಿಲ್ಲ.